ಮನೆಯಿಂದಲೇ ಕೆಲಸ ಅಂತ ಮೆಸೇಜ್ ಬಂತು, ನಾವು ಹೀಗೆ ಪರೀಕ್ಷೆ ಮಾಡಿದೆವು

ಕೇಳದೆ ಬಂದ ಕೆಲಸವೆಲ್ಲ ಮೋಸ ಅಂತ ನಾನು ಹೇಳುವುದಿಲ್ಲ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಾನು ಎಚ್‌ಆರ್. ಜಾಬ್ ಪೋರ್ಟಲ್‌ನಲ್ಲಿ ರೆಸ್ಯೂಮೆ ನೋಡಿ ನಾವೇ ಎಷ್ಟೋ ಜನರಿಗೆ ಫೋನ್ ಮಾಡುತ್ತೇವೆ. ಆದರೆ ನಿಮ್ಮ ನಂಬರ್ ಎಲ್ಲಿ ಸಿಕ್ಕಿತು ಅಂತ ಮೊದಲೇ ಹೇಳುತ್ತೇವೆ. ಹಿಂದೆ ಎಲ್ಲಿದ್ದಿರಿ, ಯಾಕೆ ಬಿಟ್ಟಿರಿ ಅಂತ ಬಿಡಿಸಿ ಬಿಡಿಸಿ ಕೇಳುತ್ತೇವೆ. ಏನನ್ನೂ ಕೇಳದೆ ಕೆಲಸ ಕೊಡುವ ಕಂಪನಿಯನ್ನು ನಾನು ಕಂಡಿಲ್ಲ.

ನನ್ನ ನಾದಿನಿಗೆ ವಾಟ್ಸಾಪ್‌ನಲ್ಲಿ ಬಂದ ಡೇಟಾ ಎಂಟ್ರಿ ಕೆಲಸದಲ್ಲಿ ಯಾರೂ ಏನೂ ಕೇಳಿರಲಿಲ್ಲ. ಹೆಸರು, ಆಧಾರ್ ಫೋಟೊ ಕಳಿಸಿದ್ದಷ್ಟೇ, ಸಂಜೆಗೆ ಆಫರ್ ಲೆಟರ್ ಬಂತು. ಅವಳಿಗೆ ಕೈಗೂಸು, ದುಡಿಮೆಯ ಅಗತ್ಯ ನಿಜವಾಗಿಯೂ ಇತ್ತು. ಸುಮ್ನೆ 'ಬೇಡ' ಅಂದುಬಿಟ್ಟರೆ ಅವಳಿಗೆ ಅನ್ಯಾಯ ಅನ್ನಿಸಿತು. ಕೂತು ಒಂದೊಂದೇ ನೋಡಿದೆವು.

ಲೆಟರ್‌ನಲ್ಲಿ ಕಂಪನಿಯ ಸಿಐಎನ್, ಅಂದರೆ ಸರ್ಕಾರ ಕೊಡುವ ಕಂಪನಿ ಗುರುತಿನ ಸಂಖ್ಯೆ ಇತ್ತು. 21 ಅಕ್ಷರ, ಅಂಕಿಗಳ ನಂಬರ್ ಅದು. ಮೊದಲ ಆರು ಬಿಟ್ಟರೆ ರಾಜ್ಯದ ಗುರುತು ಸಿಗುತ್ತದೆ, ಕರ್ನಾಟಕಕ್ಕೆ ಕೆಎ. ಅದರ ಪಕ್ಕದ ನಾಲ್ಕು ಅಂಕಿ ಕಂಪನಿ ನೋಂದಣಿಯಾದ ವರ್ಷ. ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಹಾಕಿದರೆ ಕಂಪನಿಯ ವಿವರ ಪುಕ್ಕಟೆ ಸಿಗುತ್ತದೆ. ಹಾಕಿದೆವು. ಕಂಪನಿ ಇತ್ತು!

"ನೋಡಿದ್ರಾ ಅತ್ತಿಗೆ, ನಿಜಾನೇ" ಅಂದಳು.

ಎಷ್ಟೋ ಜನ ನಿಲ್ಲುವುದು ಇಲ್ಲೇ. ನಂಬರ್ ನಿಜ ಅಂದ ಮಾತ್ರಕ್ಕೆ ಲೆಟರ್ ನಿಜ ಆಗುವುದಿಲ್ಲ. ಇನ್ನೊಬ್ಬರ ಸಿಐಎನ್ ಎತ್ತಿ ತಮ್ಮ ಲೆಟರ್‌ಹೆಡ್‌ಗೆ ಹಾಕಿಕೊಳ್ಳುವುದಕ್ಕೆ ಎಷ್ಟು ಹೊತ್ತು ಬೇಕು? ಹಾಗಾಗಿ ಅವರು ಕೊಟ್ಟ ನಂಬರ್ ಬಿಟ್ಟು, ಆ ಕಂಪನಿಯ ಸ್ವಂತ ಜಾಲತಾಣ ಹುಡುಕಿ ಅಲ್ಲಿದ್ದ ನಂಬರ್‌ಗೆ ಫೋನ್ ಮಾಡಿದೆ. ಎಚ್‌ಆರ್‌ನವರನ್ನು ಕೇಳಿ ತಿಳಿಸುತ್ತೇವೆ ಅಂದರು. ಅಷ್ಟರಲ್ಲಿ ಮೇಲ್ ವಿಳಾಸ ಹೋಲಿಸಿ ನೋಡಿದೆ. ಲೆಟರ್ ಬಂದಿದ್ದ ವಿಳಾಸದಲ್ಲಿ ಕಂಪನಿ ಹೆಸರಿನ ಮುಂದೆ ಗೆರೆ ಎಳೆದು 'ಕೆರಿಯರ್ಸ್' ಅಂತ ಸೇರಿಸಿದ್ದರು. ಆ ಡೊಮೇನ್ (ಮೇಲ್ ವಿಳಾಸದಲ್ಲಿ @ ಆದಮೇಲಿನ ಹೆಸರು) ಯಾವಾಗ ನೋಂದಣಿಯಾಗಿದೆ ಅಂತ, ಅದನ್ನು ತೋರಿಸುವ 'ಹೂಈಸ್'ನಲ್ಲಿ ನೋಡಿದರೆ, ಹಿಂದಿನ ತಿಂಗಳು. ಕಂಪನಿಗೋ ಹತ್ತು ವರ್ಷಕ್ಕಿಂತ ಜಾಸ್ತಿ ವಯಸ್ಸು.

ಲೆಟರ್‌ನಲ್ಲಿದ್ದ ವಿಳಾಸ ಎಂ.ಜಿ. ರಸ್ತೆಯದು. ಬೆಂಗಳೂರಿನಲ್ಲೇ ಇದ್ದೇವಲ್ಲ, ಶನಿವಾರ ಮೆಟ್ರೊ ಹತ್ತಿ ಇಬ್ಬರೂ ಹೋದೆವು. ಕಟ್ಟಡ ಇತ್ತು. ಕೆಳಗಿನ ಬೋರ್ಡ್‌ನಲ್ಲಿ ಆ ಹೆಸರು ಇರಲಿಲ್ಲ. ಸೆಕ್ಯುರಿಟಿಯವರು ನಾದಿನಿ ಕೈಲಿದ್ದ ಕಾಗದ ನೋಡಿದ ಕೂಡಲೇ, "ನೀವೂ ಟೈಪಿಂಗ್ ಕೆಲಸಾನಾ ಮೇಡಂ? ಆ ಆಫೀಸ್ ಇಲ್ಲಿಲ್ಲ. ದಿನಾ ಯಾರಾದ್ರೂ ಬಂದು ಕೇಳ್ತಾರೆ" ಅಂದರು. ಅವಳ ಮುಖ ಬಾಡಿತು. ನನಗೆ ಸಿಟ್ಟು ಬಂತು. ಕಷ್ಟದಲ್ಲಿರುವವರನ್ನೇ ಹುಡುಕಿ ಬಲೆ ಹಾಕುತ್ತಾರಲ್ಲ ಅಂತ. ಆ ಕಂಪನಿಯವರೂ ಆಮೇಲೆ ಮೇಲ್ ಮಾಡಿದರು: ಅಂಥ ಕೆಲಸ ನಮ್ಮಲ್ಲಿಲ್ಲ, ಅದು ನಮ್ಮ ಲೆಟರ್ ಅಲ್ಲ.

ಲೆಟರ್ ಜೊತೆ ಬಂದಿದ್ದ ಅಗ್ರಿಮೆಂಟನ್ನು ಮನೆಗೆ ಬಂದು ಪೂರ್ತಿ ಓದಿದೆ. ಇದನ್ನು ಎಲ್ಲರೂ ಓದಬೇಕು. 11 ತಿಂಗಳ ಕರಾರು. ಮಸುಕು ಮಸುಕಾದ ಪುಟಗಳ ಚಿತ್ರ ನೋಡಿ ಟೈಪ್ ಮಾಡಬೇಕು. ಶೇ. 90ರಷ್ಟು ಸರಿ ಇರಲೇಬೇಕು, ಇಲ್ಲದಿದ್ದರೆ ಅವರಿಗೇ ನಾವು 'ಸಾಫ್ಟ್‌ವೇರ್ ಬಳಕೆ ಶುಲ್ಕ' ಕಟ್ಟಬೇಕು. ತಪ್ಪು ಎಷ್ಟಾಗಿದೆ ಅಂತ ತೀರ್ಮಾನಿಸುವವರೂ ಅವರೇ. ಈ ಥರದ ಮೋಸದಲ್ಲಿ ಮುಂದಿನ ಹೆಜ್ಜೆ ಲಾಯರ್ ಹೆಸರಿನ ನೋಟಿಸ್, ಕೋರ್ಟಿನ ಬೆದರಿಕೆ. ಹೆದರಿ ದುಡ್ಡು ಕಟ್ಟುವವರು ಬಹಳ ಜನ. ಅಂಥ ನೋಟಿಸ್ ಬಂದರೆ ಕಟ್ಟಬೇಡಿ, ಪೊಲೀಸರಿಗೆ ತೋರಿಸಿ.

ಟೆಲಿಗ್ರಾಂನಲ್ಲಿ ಹೋಟೆಲ್‌ಗೆ ಸ್ಟಾರ್ ಕೊಡುವ 'ಟಾಸ್ಕ್' ಕೆಲಸದ ದಾರಿ ಬೇರೆ. ಅಲ್ಲಿ ಮೊದಲು ನೂರೋ ಇನ್ನೂರೋ ನಿಜವಾಗಿಯೂ ಖಾತೆಗೆ ಬರುತ್ತದೆ. ದುಡ್ಡು ಬಂತಲ್ಲ ಅಂತ ನಂಬಬೇಡಿ, ಅದೇ ಗಾಳ. ಆಮೇಲೆ ಮುಂಗಡ ಕಟ್ಟುವ ಟಾಸ್ಕ್ ಶುರುವಾಗುತ್ತದೆ. ನಿಮ್ಮ ಖಾತೆಗೆ ದುಡ್ಡು ಹಾಕುತ್ತೇವೆ, ಕಮಿಷನ್ ಇಟ್ಟುಕೊಂಡು ಬೇರೆಯವರಿಗೆ ಕಳಿಸಿ ಅಂದರಂತೂ ಕೂಡಲೇ ಬಿಡಿ. ಅದು ಇನ್ನೊಬ್ಬರಿಂದ ಕದ್ದ ಹಣ ಆಗಿರಬಹುದು, ಖಾತೆ ಫ್ರೀಜ್ ಆಗುವುದು ನಿಮ್ಮದು.

ನಾದಿನಿ ದುಡ್ಡು ಕೊಟ್ಟಿರಲಿಲ್ಲ. ಕೊಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕಿತ್ತು. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಅವಕಾಶ ಜಾಸ್ತಿ. ಮೆಸೇಜಿನ ಸ್ಕ್ರೀನ್‌ಶಾಟ್ ತೆಗೆದು, ಕೇಂದ್ರದ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ದೂರು ಕೊಡುವ 'ಚಕ್ಷು'ವಿನಲ್ಲಿ ಆ ನಂಬರ್ ವರದಿ ಮಾಡಿದೆವು. ಆಧಾರ್ ಫೋಟೊ ಹೋಗಿತ್ತಲ್ಲ, ಅದಕ್ಕೆ ಆಧಾರ್ ಆ್ಯಪ್‌ನಲ್ಲಿ ಬಯೊಮೆಟ್ರಿಕ್ (ಬೆರಳಚ್ಚು, ಕಣ್ಣಿನ ಗುರುತು) ಲಾಕ್ ಮಾಡಿಸಿದೆ. ಅವಳ ಹೆಸರಲ್ಲಿ ಯಾರಾದರೂ ಸಾಲ ಎತ್ತಿದ್ದಾರಾ ಅಂತ ಕ್ರೆಡಿಟ್ ರಿಪೋರ್ಟ್, ಅಂದರೆ ಸಾಲಗಳ ಲೆಕ್ಕದ ವರದಿ ತೆಗೆದು ನೋಡಿದೆವು. ಪ್ರತಿ ಕ್ರೆಡಿಟ್ ಸಂಸ್ಥೆಯೂ ವರ್ಷಕ್ಕೊಂದು ಪೂರ್ತಿ ರಿಪೋರ್ಟನ್ನು ಪುಕ್ಕಟೆ ಕೊಡಬೇಕು. ಈಗ ಒಂದು ಸಂಸ್ಥೆಯದು ನೋಡಿದ್ದೇವೆ. ಇನ್ನೊಂದರದ್ದನ್ನು ಕೆಲವು ತಿಂಗಳು ಬಿಟ್ಟು ತೆಗೆಯುತ್ತೇವೆ, ಸಾಲ ಆಮೇಲೂ ಎತ್ತಬಹುದು ಅಲ್ವಾ.