ರಾಂಪತ್ರೆ ಜಡ್ಡಿಗೆ ಮೊದಲು ನೀರು, ಆಮೇಲೆ ಗಿಡ

ಸಿದ್ದಾಪುರದ ಕಡೆ ಕಾನಿನ (ದಟ್ಟ ನಿತ್ಯಹಸಿರು ಕಾಡಿನ) ಹಳ್ಳಗಳಲ್ಲಿ ವರ್ಷವಿಡೀ ನೀರು ಜಿನುಗುವ ಜೌಗು ಜಾಗಕ್ಕೆ ಜಡ್ಡಿ ಅಂತೇವೆ. ರಾಂಪತ್ರೆ, ಅಂದರೆ ಕಾಡು ಜಾಯಿಕಾಯಿ ಜಾತಿಯ ಮರಗಳ ಮನೆ ಅದು. ಕೆಸರಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲ ಅಲ್ವಾ, ಅದಕ್ಕೇ ಬೇರುಗಳು ಮಂಡಿ ಮಡಚಿದ ಹಾಗೆ ಮೇಲೆದ್ದು ಮತ್ತೆ ಮಣ್ಣಿಗಿಳಿಯುತ್ತವೆ. ಇಂಥ ಎಷ್ಟೋ ಜಡ್ಡಿಗಳು ಗದ್ದೆಯಾದವು, ಅಡಿಕೆ ತೋಟವಾದವು. ನಮ್ಮ ತೋಟದ ಮೇಲ್ಗಡೆ ಒಂದು ತುಂಡು ಉಳಿದಿತ್ತು. ಹಳೆ ಮರಗಳಿದ್ದವು, ಕೆಳಗೆ ಮರಿ ಗಿಡ ಮಾತ್ರ ಇರಲಿಲ್ಲ.

ಗಿಡ ನೆಡುವ ಮುಂಚೆ ನೀರು ನೋಡಿದೆ. ತೋಟದ ಕಾಲುವೆ ಜಡ್ಡಿಗಿಂತ ಮೇಲೇ ಹಳ್ಳವನ್ನು ತಿರುಗಿಸಿಕೊಳ್ಳುತ್ತಿತ್ತು. ಕಾಲುವೆಯ ಬಾಯಿಯನ್ನು ಜಡ್ಡಿಯ ಕೆಳಕ್ಕೆ ಇಳಿಸಿದೆ. ಈಗ ನೀರು ಜಡ್ಡಿ ದಾಟಿಕೊಂಡೇ ತೋಟಕ್ಕೆ ಬರುತ್ತದೆ. ತೋಟಕ್ಕೇನೂ ಕಡಿಮೆಯಾಗಲಿಲ್ಲ. ಕೊಟ್ಟಿಗೆಗೆ ಅಂತ ಅಲ್ಲಿಂದ ದರಕು (ಒಣ ತರಗೆಲೆ) ಗುಡಿಸುವುದನ್ನೂ ನಿಲ್ಲಿಸಿದೆವು. ದರಕಿನ ಜೊತೆ ಬೀಜವೂ ಹೋಗುತ್ತದೆ, ಆಗಷ್ಟೇ ಮೊಳೆತ ಸಸಿಯೂ ಹೋಗುತ್ತದೆ.

ಬೀಜದ್ದು ದೊಡ್ಡ ವಿಷಯ. ರಾಂಪತ್ರೆ ಬೀಜ ಒಣಗಿದರೆ ಸತ್ತಂತೆಯೇ. ಮಾರುಕಟ್ಟೆಯಲ್ಲಿ ಬೆಲೆ ಇರುವುದು ಬೀಜ ಸುತ್ತಿದ ಕೆಂಪು ಪತ್ರೆಗೆ, ಹಾಗಾಗಿ ಜನ ಹಣ್ಣು ಬಿರಿಯುವ ಮೊದಲೇ ಕೊಯ್ದುಬಿಡುತ್ತಾರೆ. ನಮ್ಮ ಮರಗಳಲ್ಲಿ ಕೊಯ್ಯುವವರಿಗೆ ಒಂದೇ ಮಾತು ಹೇಳಿದ್ದೇನೆ: ಬಿರಿದ ಹಣ್ಣು ಮಾತ್ರ ತೆಗೆಯಿರಿ, ಪತ್ರೆ ನೀವಿಟ್ಟುಕೊಳ್ಳಿ, ಬೀಜ ಅವತ್ತೇ ನನಗೆ ಕೊಡಿ. ಮರದ ತುದಿಯ ಹಣ್ಣಿಗೆ ಕೈ ಹಾಕುವ ಹಾಗಿಲ್ಲ. ಅದು ಮಂಗಟ್ಟೆ ಹಕ್ಕಿಯ ಪಾಲು. ಮಂಗಟ್ಟೆ ಬೀಜವನ್ನು ಪತ್ರೆ ಸಮೇತ ನುಂಗಿ, ದೂರ ಹೋಗಿ ಚೊಕ್ಕ ಬೀಜವನ್ನಷ್ಟೇ ಉಗುಳುತ್ತದೆ. ನಾವು ಕಾಲಿಡಲಾಗದ ಕಡೆ ನೆಡುವುದು ಅದೇ.

ತಂದ ಬೀಜವನ್ನು ನೆರಳಲ್ಲಿ ಒದ್ದೆ ಮರಳಿನ ಮಡಿಗೆ ಹಾಕುತ್ತೇನೆ. ಮೊಳಕೆ ನಿಧಾನ, ಎಲ್ಲವೂ ಒಟ್ಟಿಗೆ ಬರುವುದಿಲ್ಲ. ಮಡಿ ಒಣಗದಂತೆ ನೋಡಿಕೊಂಡರೆ ಸಾಕು, ಸುಮ್ನೆ ಕೆದಕಬಾರದು. ಎದ್ದವನ್ನು ಪ್ಲಾಸ್ಟಿಕ್ ಕೊಟ್ಟೆಗೆ (ಚೀಲಕ್ಕೆ) ದಾಟಿಸಿ, ಗಟ್ಟಿಯಾದ ಮೇಲೆ ಮಳೆಗಾಲದಲ್ಲಿ ನೆಡುತ್ತೇನೆ. ತೀರಾ ಎಳೆಯದನ್ನು ಹಳ್ಳದ ನೀರೇ ಕಿತ್ತೊಯ್ಯುತ್ತದೆ.

ಯಾವುದು ಎಲ್ಲಿ ಅನ್ನುವುದೂ ಮುಖ್ಯ. ಮಿರಿಸ್ಟಿಕಾ ಮ್ಯಾಗ್ನಿಫಿಕಾ ಪಕ್ಕಾ ಕೆಸರಿನ ಮರ, ಅದನ್ನು ನಟ್ಟನಡು ಜಡ್ಡಿಗೆ ಕೊಡುತ್ತೇನೆ. ಪೇಟೆಗೆ ಪತ್ರೆ ಕೊಡುವ ಮಿರಿಸ್ಟಿಕಾ ಮಲಬಾರಿಕಾಕ್ಕೆ ಹಳ್ಳದ ದಂಡೆ ಸಾಕು. ಕೇದಗೆ ಪೊದೆ ಕಂಡರೆ ಕಡಿಯುವುದಿಲ್ಲ. ಅದು ಮಣ್ಣು ಹಿಡಿಯುತ್ತದೆ, ದನವನ್ನೂ ತಡೆಯುತ್ತದೆ.

ಒಂದು ತುಂಡು ಜಡ್ಡಿ ಉಳಿಸಿ ಏನು ಪ್ರಯೋಜನ ಅಂತ ಕೇಳುವವರು ಜಾಸ್ತಿ. ಇದೇ ತಾಲೂಕಿನ ಕತ್ತಲೆಕಾನಿನ ಜಡ್ಡಿಯಲ್ಲಿ ಸಿಕ್ಕ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಮರಕ್ಕೆ ವಿಜ್ಞಾನಿಗಳು ಹೆಸರಿಟ್ಟಿದ್ದು 2000ದಲ್ಲಿ. ಅಲ್ಲೀತನಕ ಅದು ಲೆಕ್ಕಕ್ಕೇ ಇರಲಿಲ್ಲ. ಅಘನಾಶಿನಿ ನದಿ ಕಣಿವೆಯ ಒಂದಷ್ಟು ಕಾಡು 2011ರಲ್ಲಿ ಸಿಂಗಳೀಕಗಳ ಸಂರಕ್ಷಿತ ಪ್ರದೇಶವಾಯಿತು, ಆದರೆ ಹಳ್ಳಗಳು ನಮ್ಮ ತೋಟ, ಬೆಟ್ಟಗಳನ್ನೂ ಹಾದೇ ಹರಿಯುತ್ತವೆ. ಈ ಮಳೆಗಾಲಕ್ಕೆ ಕೆಳಗಿನ ತೋಟದವರೂ ತಮ್ಮ ಕಾಲುವೆ ಇಳಿಸಲು ಒಪ್ಪಿದ್ದಾರೆ. ಕೊಟ್ಟೆಯಲ್ಲಿರುವ ಗಿಡಗಳಲ್ಲಿ ಅರ್ಧ ಅವರ ಹಳ್ಳಕ್ಕೆ.