ಒಂದಡಿಗೆ ಹನ್ನೆರಡಡಿ

ಜಮಖಂಡಿ ಕಡೆಯ ಹಳ್ಳಿಗಳಲ್ಲಿ ನಾನು ವಿಶೇಷ ಅಗತ್ಯವುಳ್ಳ ಮಕ್ಕಳ ಸಂಪನ್ಮೂಲ ಶಿಕ್ಷಕಿಯಾಗಿ ಕೆಲಸ ಮಾಡಿದ್ದೇನೆ. ಗೃಹಾಧಾರಿತ ಶಿಕ್ಷಣದ ಪಟ್ಟಿಯಲ್ಲಿ 11 ವರ್ಷದ ಹುಡುಗಿಯೊಬ್ಬಳಿದ್ದಳು. ಕಾಲಲ್ಲಿ ಬಲವಿಲ್ಲ, ವೀಲ್‌ಚೇರ್ ಬೇಕು. ಹದಿನೈದರ ಮಗ್ಗಿ ಮಾತ್ರ ಪಟಪಟ ಹೇಳುತ್ತಿದ್ದಳು. ಇವಳು ಮನೆಯಲ್ಲಿ ಯಾಕಿದ್ದಾಳೆ?

"ಮಾಸ್ತರು ಮನ್ಯಾಗ ಇರ್ಲಿ ಅಂದಾರ್ರಿ ಅಕ್ಕೋರ. ಕಾಯ್ದೇನ ಹಂಗ ಐತಂತ," ಎಂದರು ಅಪ್ಪ.

ಕಾಯ್ದೆ ಹಾಗಿಲ್ಲ. ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ, ತೀವ್ರ ಅಂಗವಿಕಲತೆ ಇರುವ ಮಗು ಮನೆಯಲ್ಲೇ ಕಲಿಯಬಹುದು ಎನ್ನುತ್ತದೆ. ಆದರೆ ಆ ಆಯ್ಕೆ ಮಗುವಿನ ಕಡೆಯವರದ್ದು, ಶಾಲೆಯದ್ದಲ್ಲ. ಈ ಒಂದು ಮಾತನ್ನು ತಿರುವಿ ಹೇಳಿ ಎಷ್ಟು ಮಕ್ಕಳನ್ನು ಮನೆಯಲ್ಲಿ ಕೂರಿಸಿದ್ದಾರೋ ಎಂದು ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಮರುದಿನ ಕಾಯ್ದೆಯ ಪ್ರತಿ ಹಿಡಿದು ಶಾಲೆಗೆ ಹೋದೆ. ಇಂಥ ಮಕ್ಕಳನ್ನು ಸಾಮಾನ್ಯ ಶಾಲೆಗೆ ತರಲು ಕೇಂದ್ರ ಸರ್ಕಾರ 1974ರಲ್ಲೇ ಯೋಜನೆ ತಂದಿತ್ತು. ಅದು ಬರೀ ಯೋಜನೆ. 1995ರ ಅಂಗವಿಕಲರ ಕಾಯ್ದೆ 18 ವರ್ಷದವರೆಗೆ ಉಚಿತ ಶಿಕ್ಷಣ ಎಂದಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಕಲಂ ಇನ್ನೂ ನೇರವಾಗಿದೆ: ಭೇದಭಾವವಿಲ್ಲದೆ ಸೇರಿಸಿಕೊಳ್ಳಬೇಕು, ಕಟ್ಟಡವೂ ಆ ಮಗುವಿಗೆ ಒದಗುವಂತಿರಬೇಕು. ಮುಖ್ಯೋಪಾಧ್ಯಾಯರು ಅದನ್ನು ಎರಡು ಸಲ ಓದಿದರು. "ರ‍್ಯಾಂಪ್ ಮಾಡಸೋಣ ಬಿಡ್ರಿ," ಎಂದರು.

ನಾನು ತಪ್ಪು ಮಾಡಿದ್ದು ಇಲ್ಲೇ. ಅಳತೆ ಹೇಳದೆ ಬಂದುಬಿಟ್ಟೆ. ಕಟ್ಟೆ ಒಂದೂವರೆ ಅಡಿ ಎತ್ತರ, ಗೌಂಡಿ ಆರಡಿ ಉದ್ದದ ರ‍್ಯಾಂಪ್ ಕಟ್ಟಿದ್ದ. ಮೊದಲ ದಿನ ಅರ್ಧ ಏರುವಷ್ಟರಲ್ಲಿ ಕುರ್ಚಿ ಹಿಂದಕ್ಕೆ ವಾಲಿತು. ಅಪ್ಪ ಹಿಡಿದರು. ಹುಡುಗಿ ಗಾಲಿಯನ್ನು ಬಿಗಿಯಾಗಿ ಹಿಡಿದಿದ್ದಳು, ಬೆರಳೆಲ್ಲ ಬೆಳ್ಳಗಾಗಿದ್ದವು.

ಲೆಕ್ಕ ಸರಳ. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ. ನಮಗೆ 18 ಅಡಿ ಬೇಕಿತ್ತು. ನೇರ ಹೋದರೆ ಧ್ವಜಕಟ್ಟೆ ಅಡ್ಡ ಬರುತ್ತಿತ್ತು. ಹಾಗಾಗಿ ಗೋಡೆಗುಂಟ ತಿರುಗಿಸಿ, ತಿರುವಿನಲ್ಲಿ ಕುರ್ಚಿ ನಿಲ್ಲುವಷ್ಟು ಸಪಾಟು ಜಾಗ ಬಿಡಿಸಿದೆ. ಒಂದು ಬದಿಗೆ ಪೈಪಿನ ಹಿಡಿಕೆ. ಖರ್ಚು ಶಾಲೆಯ ಎಸ್‌ಡಿಎಂಸಿ ಸಮಿತಿಯವರು ಕೊಟ್ಟರು.

ಅವಳು ತಾನೇ ಗಾಲಿ ತಿರುಗಿಸಿಕೊಂಡು ಮೇಲೆ ಬಂದಳು. ತಿರುವಿನಲ್ಲಿ ಸ್ವಲ್ಪ ನಿಂತು ಉಸಿರು ತೆಗೆದುಕೊಂಡಳು, ಅಷ್ಟೇ. ಮಧ್ಯಾಹ್ನ ಊಟದ ಹೊತ್ತಿಗೆ ನೀರು ಮಾತ್ರ ಮುಟ್ಟಲಿಲ್ಲ. ಯಾಕೆಂದು ಕೇಳಿದರೆ ಶೌಚಾಲಯದ ಕಡೆ ನೋಡಿದಳು. ಬಾಗಿಲಿಗೆ ಎರಡು ಮೆಟ್ಟಿಲಿದ್ದವು. ಚೀಲದಿಂದ ಟೇಪು ತೆಗೆದೆ.