ಅಡಿಕೆ ಸುಲಿಯುವ ಯಂತ್ರ ಎಳೆಯುವ ಪಿಕಪ್‌ಗೆ ಸಸ್ಪೆನ್ಶನ್ ಆರಿಸಿದ ಬಗೆ

ಹೊಸನಗರ ತಾಲ್ಲೂಕಿನಲ್ಲಿ ಅಡಿಕೆ ತೋಟ ಇಟ್ಟುಕೊಂಡಿರುವ ನನ್ನಂಥವನ ಪಿಕಪ್ ವರ್ಷವಿಡೀ ಒಂದೇ ಕೆಲಸ ಮಾಡುವುದಿಲ್ಲ. ಮುಂಗಾರು ಹಿಡಿಯುವ ಮೊದಲು, ಆಮೇಲೆ ಮಳೆ ಹೊಳವು ಕೊಟ್ಟಾಗ, ಕೊಳೆರೋಗಕ್ಕೆ ಹೊಡೆಯುವ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣದ ಡ್ರಮ್ಮು, ಪಂಪು, ಪೈಪಿನ ಸುರುಳಿಗಳನ್ನು ಹೊತ್ತು ತೋಟದ ಮೇಲಿನ ದರೆಯವರೆಗೆ ಹೋಗಬೇಕು. ಕೊಯ್ಲು ಶುರುವಾದ ಮೇಲೆ ಅದೇ ಗಾಡಿ ಎರಡು ಚಕ್ರದ ಮೇಲೆ ಕೂರಿಸಿದ ಅಡಿಕೆ ಸುಲಿಯುವ ಯಂತ್ರವನ್ನು ಹಿಂದೆ ಕಟ್ಟಿಕೊಂಡು ನಗರ, ಯಡೂರು, ಮಾಸ್ತಿಕಟ್ಟೆಯ ಕಡೆಯ ಮನೆಮನೆಗೂ ತಿರುಗುತ್ತದೆ. ಉಳಿದ ದಿನಗಳಲ್ಲಿ ಬಹುತೇಕ ಖಾಲಿಯಾಗಿ ಶಿವಮೊಗ್ಗಕ್ಕೆ ಹೋಗಿ ಬರುತ್ತದೆ. ಭಾರ ಹೊರುವುದು, ಎಳೆಯುವುದು, ಕೆಸರಿನಲ್ಲಿ ಹತ್ತುವುದು ಎಂಬ ಈ ಮೂರೂ ಕೆಲಸಗಳು ಸಸ್ಪೆನ್ಶನ್‌ನಿಂದ ಬೇರೆ ಬೇರೆ ಗುಣಗಳನ್ನು ಕೇಳುತ್ತವೆ. ಆದ್ದರಿಂದ ಹಿಂಬದಿಯ ಹಳೆಯ ಸ್ಪ್ರಿಂಗ್ ಪ್ಲೇಟುಗಳನ್ನು ಬದಲಿಸುವ ಹೊತ್ತು ಬಂದಾಗ, ಯಾವ ಕಂಪನಿಯದು ಒಳ್ಳೆಯದು ಎಂದು ವಿಚಾರಿಸುವುದಕ್ಕಿಂತ ಮೊದಲು ನನ್ನ ಗಾಡಿಯ ಮೇಲೆ ನಿಜವಾಗಿ ಎಷ್ಟು ಭಾರ ಬೀಳುತ್ತದೆ, ಅದು ಎಲ್ಲಿ ಬೀಳುತ್ತದೆ ಎಂಬುದನ್ನು ಅಳೆದುಕೊಳ್ಳಲು ತೀರ್ಮಾನಿಸಿದೆ.

ನನ್ನದು ಡಬಲ್ ಕ್ಯಾಬಿನ್ನಿನ ಫೋರ್ ವೀಲ್ ಡ್ರೈವ್ ಪಿಕಪ್. ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್‌ಗಳಲ್ಲಿ ಇರುವಂತೆಯೇ ಇದರ ಮುಂದಿನ ಎರಡು ಚಕ್ರಗಳು ಡಬಲ್ ವಿಶ್‌ಬೋನ್ (ಮೇಲೊಂದು ಕೆಳಗೊಂದು ಕವಲು ತೋಳು) ಮತ್ತು ಸುರುಳಿಯಾಕಾರದ ಕಾಯಿಲ್ ಸ್ಪ್ರಿಂಗಿನ ಮೇಲೆ ಬೇರೆ ಬೇರೆಯಾಗಿ ಆಡುತ್ತವೆ, ಹಿಂದಿನ ಗಟ್ಟಿ ಹೌಸಿಂಗ್, ಅಂದರೆ ಎರಡು ಚಕ್ರಗಳನ್ನು ಜೋಡಿಸುವ ಆಕ್ಸಲ್‌ನ ಕವಚ, ಉಕ್ಕಿನ ಪ್ಲೇಟುಗಳನ್ನು ಒಂದರ ಮೇಲೊಂದು ಜೋಡಿಸಿದ ಲೀಫ್ ಸ್ಪ್ರಿಂಗುಗಳಿಗೆ ಕಟ್ಟಿಕೊಂಡಿದೆ. ಲೀಫ್ ಸ್ಪ್ರಿಂಗು ಹಳೆಯ ಕಾಲದ್ದು, ಅದನ್ನು ಬಿಟ್ಟು ಕಾಯಿಲ್‌ಗೆ ಹೋಗಬೇಕು ಎನ್ನುವವರಿದ್ದಾರೆ. ಅಮೆರಿಕದಲ್ಲಿ ರಾಮ್ 1500 ಪಿಕಪ್ 2009ರ ಮಾದರಿಯಿಂದಲೇ ಹಿಂದಕ್ಕೂ ಕಾಯಿಲ್ ಸ್ಪ್ರಿಂಗ್ ಹಾಕಿಕೊಂಡು ಬಂದಿದೆ, ನಮ್ಮಲ್ಲೂ 2020ರ ಥಾರ್‌ನ ಹಿಂಬದಿಯಲ್ಲಿ ಕಾಯಿಲ್ ಇದೆ. ಕಾಯಿಲ್‌ನಲ್ಲಿ ಪ್ಲೇಟುಗಳ ನಡುವಿನ ತಿಕ್ಕಾಟ ಇಲ್ಲದ್ದರಿಂದ ಸಣ್ಣ ಗುಂಡಿಗಳು ಮೈಗೆ ತಟ್ಟುವುದಿಲ್ಲ. ಆದರೆ ಲೀಫ್ ಸ್ಪ್ರಿಂಗು ಭಾರ ಹೊರುವುದರ ಜೊತೆಗೆ ಹೌಸಿಂಗನ್ನು ಅದರ ಜಾಗದಲ್ಲಿ ಹಿಡಿದಿಡುವ ಕೆಲಸವನ್ನೂ ಮಾಡುತ್ತದೆ. ಕಾಯಿಲ್‌ಗೆ ಹೋದರೆ ಆ ಕೆಲಸಕ್ಕೆ ಪ್ರತ್ಯೇಕ ರಾಡುಗಳು, ಅವುಗಳಿಗೆ ಚಾಸಿಯ ಮೇಲೆ ಬ್ರಾಕೆಟ್‌ಗಳು ಬೇಕಾಗುತ್ತವೆ. ಕಾರ್ಖಾನೆಯಲ್ಲಿಯೇ ಹಾಗೆ ಕಟ್ಟಿದ ಗಾಡಿಗೆ ಅದು ಸರಿ, ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿಕೊಳ್ಳುವ ಕೆಲಸ ಅದಲ್ಲ. ಲೀಫ್ ಸ್ಪ್ರಿಂಗನ್ನೇ ಉಳಿಸಿಕೊಂಡು ಅದರೊಳಗೆ ಸರಿಯಾದ್ದನ್ನು ಹುಡುಕುವುದು ನನ್ನ ದಾರಿಯಾಯಿತು.

ಅಳತೆಗೆ ಮೊದಲು ವೇ ಬ್ರಿಜ್‌ಗೆ ಹೋದೆ. ಇಡೀ ಗಾಡಿಯನ್ನು ಒಮ್ಮೆ ತೂಗಿಸಿ, ಹಿಂದಿನ ಚಕ್ರಗಳನ್ನು ಮಾತ್ರ ಹಲಗೆಯ ಮೇಲೆ ನಿಲ್ಲಿಸಿ ಮತ್ತೊಮ್ಮೆ ತೂಗಿಸಿದರೆ ಎರಡು ಆಕ್ಸಲ್‌ಗಳ ಪಾಲು ಗೊತ್ತಾಗುತ್ತದೆ. ಖಾಲಿ ಗಾಡಿಯಲ್ಲಿ ಹಿಂದಿನ ಆಕ್ಸಲ್ ಮೇಲೆ ಸುಮಾರು 820 ಕೆ.ಜಿ. ಇತ್ತು. ಹೌಸಿಂಗ್, ಚಕ್ರ, ಬ್ರೇಕುಗಳ ತೂಕವನ್ನು ಸುಮಾರು 220 ಎಂದು ಕಳೆದರೆ ಸ್ಪ್ರಿಂಗು ಹೊತ್ತಿರುವುದು 600 ಕೆ.ಜಿ. ಆಮೇಲೆ ಮನೆಯಂಗಳದ ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ, ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಟೇಪು ಹಿಡಿದು ಅಳೆದೆ. 50 ಕೆ.ಜಿ.ಯ ಗೊಬ್ಬರದ ಚೀಲಗಳನ್ನು ಸರಿಯಾಗಿ ಹೌಸಿಂಗ್ ಮೇಲಕ್ಕೆ ಬರುವಂತೆ ಪೇರಿಸಿ ಪುನಃ ಅಳೆದೆ. (ಯೂರಿಯಾ ಚೀಲ ಬಳಸುವವರು ಅದು ಈಗ 45 ಕೆ.ಜಿ. ಮಾತ್ರ ಎಂಬುದನ್ನು ನೆನಪಿಡಬೇಕು.) ಮೊದಲ 200 ಕೆ.ಜಿ.ಗೆ ಗಾಡಿ 4 ಸೆಂ.ಮೀ. ಕುಸಿಯಿತು, ನಂತರದ 200ಕ್ಕೆ ಮೂರೂವರೆ. ಎಂದರೆ ಸುಮಾರು 50 ಕೆ.ಜಿ.ಗೆ ಒಂದು ಸೆಂಟಿಮೀಟರ್. ಹೌಸಿಂಗ್ ಮೇಲೆದ್ದು ಚಾಸಿಗೆ ಬಡಿಯದಂತೆ ತಡೆಯುವ ಬಂಪ್ ಸ್ಟಾಪ್ ರಬ್ಬರಿಗೂ ಹೌಸಿಂಗಿಗೂ ನಡುವೆ ಖಾಲಿಯಿದ್ದಾಗ ಹತ್ತೂವರೆ ಸೆಂ.ಮೀ. ಅಂತರವಿತ್ತು, 400 ಕೆ.ಜಿ. ಹೇರಿದಾಗ ಉಳಿದದ್ದು 3 ಮಾತ್ರ. ಮಳೆಗಾಲದ ನಂತರದ ನಮ್ಮ ರಸ್ತೆಗಳಲ್ಲಿ 3 ಸೆಂ.ಮೀ. ಎಂದರೆ ಪ್ರತಿ ಗುಂಡಿಯಲ್ಲೂ ರಬ್ಬರು ಬಡಿಯುತ್ತದೆ ಎಂದೇ ಅರ್ಥ.

ಯಂತ್ರ ಕಟ್ಟಿದಾಗಿನ ಲೆಕ್ಕ ಇನ್ನೂ ಮುಖ್ಯವಾದದ್ದು. ಯಂತ್ರದ ತೂಕ ಸುಮಾರು 800 ಕೆ.ಜಿ. ಗಾಡಿಯ ಹುಕ್ಕಿಗೆ ಸಿಕ್ಕಿಸುವ ಅದರ ಮೂತಿಯನ್ನು ಅಡಿಕೆ ತೂಗುವ ಕಾಟಾದ ಮೇಲೆ, ಹುಕ್ಕಿನ ಎತ್ತರಕ್ಕೇ ಬರುವಂತೆ ಇಟ್ಟು ನೋಡಿದಾಗ 100 ಕೆ.ಜಿ. ತೋರಿಸಿತು. ಈ 100 ಕೆ.ಜಿ. ಗಾಡಿಯ ತೊಟ್ಟಿಯೊಳಗೆ ಬೀಳುವುದಿಲ್ಲ, ಹಿಂದಿನ ಆಕ್ಸಲ್‌ನಿಂದ 1.2 ಮೀಟರ್ ಹಿಂದಕ್ಕೆ ಇರುವ ಹುಕ್ಕಿನ ಮೇಲೆ ಬೀಳುತ್ತದೆ. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ 3 ಮೀಟರ್ ಇದೆ ಎಂದಿಟ್ಟುಕೊಂಡರೆ, ಸನ್ನೆಯ ಲೆಕ್ಕದಲ್ಲಿ ಮುಂದಿನ ಚಕ್ರಗಳಿಂದ 40 ಕೆ.ಜಿ. ಕಡಿಮೆಯಾಗಿ ಹಿಂದಿನ ಆಕ್ಸಲ್ ಮೇಲೆ 140 ಕೆ.ಜಿ. ಕೂರುತ್ತದೆ. ಚೀಲಗಳನ್ನೂ ಹಿಂಬಾಗಿಲ ಹತ್ತಿರವೇ ಇಟ್ಟರೆ ಮುಂಬದಿ ಇನ್ನಷ್ಟು ಹಗುರಾಗುತ್ತದೆ. ಹುಲಿಕಲ್ ಘಾಟಿಯಂಥ ಏರಿನಲ್ಲಿ, ಮಂಜು ಕವಿದ ಒದ್ದೆ ರಸ್ತೆಯ ತಿರುವಿನಲ್ಲಿ ಸ್ಟೇರಿಂಗ್ ಹಗುರಾಗಿ ಗಾಡಿ ಹೇಳಿದ ಮಾತು ಕೇಳದಿರುವುದಕ್ಕೆ ಕಾರಣ ಇದೇ. ರಾತ್ರಿ ಎದುರಿನವರ ಕಣ್ಣಿಗೆ ನಮ್ಮ ಹೆಡ್‌ಲೈಟ್ ಚುಚ್ಚುವುದೂ ಹಿಂಬದಿ ಕುಸಿದು ಗಾಡಿಯ ಮುಂಬದಿ ಮೇಲೆದ್ದಿರುವುದರಿಂದಲೇ. ಹಾಗೆಂದು ಯಂತ್ರದ ಮೂತಿಯನ್ನು ತೀರ ಹಗುರ ಮಾಡಲೂ ಬಾರದು. ಎಳೆಯುವ ಭಾರದ ಹತ್ತನೇ ಒಂದು ಪಾಲಿಗಿಂತ ತೀರ ಕಡಿಮೆಯಾದರೆ ಇಳಿಜಾರಿನಲ್ಲಿ ಟ್ರೇಲರ್ ಬಾಲ ಬೀಸತೊಡಗುತ್ತದೆ.

ಇಷ್ಟೆಲ್ಲ ನೋಡಿದ ಮೇಲೆ ಯಾರಾದರೂ ಹೇಳುವ ಸುಲಭ ಪರಿಹಾರವೆಂದರೆ ಇನ್ನೆರಡು ದಪ್ಪ ಪ್ಲೇಟು ಸೇರಿಸಿಬಿಡುವುದು. ಶಿವಮೊಗ್ಗದಲ್ಲಿ ನಾನು ಗಾಡಿ ತೋರಿಸಿದ ಹಿರಿಯ ಮೇಸ್ತ್ರಿಯೊಬ್ಬರು ಕೇಳಿದ ಪ್ರಶ್ನೆ ನನಗೆ ಬಹಳ ಉಪಯೋಗಕ್ಕೆ ಬಂತು: "ಗೌಡ್ರೇ, ಪ್ಲೇಟು ಎಷ್ಟು ಬೇಕಾದ್ರೂ ಹಾಕ್ಬೋದು. ಆದ್ರೆ ವರ್ಷದಲ್ಲಿ ಗಾಡಿ ಖಾಲಿ ಓಡೋದು ಜಾಸ್ತಿಯೋ, ಲೋಡಲ್ಲಿ ಓಡೋದು ಜಾಸ್ತಿಯೋ?" ಈ ಮಾತಿನ ಹಿಂದೆ ಗಟ್ಟಿಯಾದ ಲೆಕ್ಕವಿದೆ. ಸ್ಪ್ರಿಂಗು ತಾನು ಹೊತ್ತ ಭಾರಕ್ಕೆ ಎಷ್ಟು ಕುಸಿದಿರುತ್ತದೆಯೋ ಅದನ್ನು ಅನುಸರಿಸಿ ಗಾಡಿ ಕುಣಿಯುವ ವೇಗ ನಿರ್ಧಾರವಾಗುತ್ತದೆ. 25 ಸೆಂ.ಮೀ. ಕುಸಿದಿದ್ದರೆ ಸೆಕೆಂಡಿಗೆ ಸುಮಾರು ಒಂದು ಸಲ, 6 ಸೆಂ.ಮೀ. ಮಾತ್ರ ಕುಸಿದಿದ್ದರೆ ಸುಮಾರು ಎರಡು ಸಲ. ನನ್ನ ಗಾಡಿಯ ಹಳೆಯ ಸ್ಪ್ರಿಂಗಿನಲ್ಲಿ 600 ಕೆ.ಜಿ.ಗೆ 12 ಸೆಂ.ಮೀ., ಅಂದರೆ ಸೆಕೆಂಡಿಗೆ ಒಂದೂವರೆಗಿಂತ ಸ್ವಲ್ಪ ಕಡಿಮೆ. ಬಿಗಿಯನ್ನು ಇಮ್ಮಡಿ ಮಾಡಿದ್ದರೆ ಖಾಲಿ ಗಾಡಿ ಸೆಕೆಂಡಿಗೆ ಎರಡು ಸಲ ಕುಪ್ಪಳಿಸುತ್ತಿತ್ತು. ಬೆನ್ನುನೋವಷ್ಟೇ ಆಗಿದ್ದರೆ ಸಹಿಸಬಹುದು, ಆದರೆ ಬಿಗಿಯಾದ ಪ್ಲೇಟು ಬಾಗುವುದೇ ಇಲ್ಲ. ತೋಟದ ದಾರಿಯಲ್ಲಿ ನೀರು ಕೊರೆದ ಕಾಲುವೆಯೊಂದರಲ್ಲಿ ಒಂದು ಚಕ್ರ ಇಳಿಯಬೇಕಾದಾಗ ಅದು ಗಾಳಿಯಲ್ಲೇ ನಿಲ್ಲುತ್ತದೆ. ಎರಡೂ ಬದಿಯ ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಡಿಫರೆನ್ಶಿಯಲ್ ಲಾಕ್ ಇಲ್ಲದ ಗಾಡಿಯಲ್ಲಿ ತಿರುಗುವುದು ಆ ಒಂದು ಚಕ್ರವೇ. ಆಷಾಢದ ಕೆಮ್ಮಣ್ಣಿನ ಜಾರಿನಲ್ಲಿ ನಾಲ್ಕು ಚಕ್ರಗಳೂ ನೆಲ ಕಚ್ಚಿಕೊಂಡಿರುವುದಕ್ಕಿಂತ ದೊಡ್ಡ ಶಕ್ತಿ ಬೇರೆ ಯಾವುದೂ ಇಲ್ಲ ಎಂದು ನಾನು ನಂಬಿದ್ದೇನೆ.

ಗಾಳಿ ತುಂಬುವ ಏರ್ ಬ್ಯಾಗುಗಳನ್ನೂ ಪರಿಶೀಲಿಸಿದೆ. ಖಾಲಿಯಿದ್ದಾಗ ಗಾಳಿ ಇಳಿಸಿ, ಭಾರವಿದ್ದಾಗ ಏರಿಸಿಕೊಳ್ಳುವ ಅನುಕೂಲ ದೊಡ್ಡದು. ತೀರ್ಥಹಳ್ಳಿ, ಮಂಡಗದ್ದೆ ಮೇಲೆ ಶಿವಮೊಗ್ಗದವರೆಗೆ ಡಾಂಬರಿನಲ್ಲೇ ಟ್ರೇಲರ್ ಎಳೆಯುವವರಿಗೆ ನಾನು ಅದನ್ನೇ ಹೇಳುತ್ತೇನೆ. ನನ್ನ ದಾರಿಯಲ್ಲಿ ಚೂಪುಗಲ್ಲು, ಮರದ ಕುಳೆ, ವಾರಗಟ್ಟಲೆ ಒಣಗದ ಕೆಸರು ಇವೆ. ರಬ್ಬರು ಹರಿದರೆ ಕಾಡಿನ ನಡುವೆ ಭಾರ ಹೊತ್ತ ಗಾಡಿ ಒಂದೇ ಬದಿಗೆ ವಾಲುತ್ತದೆ. ಅದೂ ಅಲ್ಲದೆ, ಪ್ಲೇಟು ಎರಡು ತುದಿಗಳಿಂದ ಚಾಸಿಗೆ ಹಂಚುವ ಭಾರವನ್ನು ಏರ್ ಬ್ಯಾಗು ಚಾಸಿಯ ಒಂದೇ ಬಿಂದುವಿನ ಮೇಲೆ ಹಾಕುತ್ತದೆ. ಗಾಡಿ ಎತ್ತರಿಸುವ ಲಿಫ್ಟ್ ಕಿಟ್ಟಿನ ಬಗ್ಗೆ ಹೆಚ್ಚು ಹೊತ್ತು ಯೋಚಿಸಲಿಲ್ಲ. ಬೆಟ್ಟದ ಪಕ್ಕ ಕಡಿದ ಓರೆ ದಾರಿಯಲ್ಲಿ ನೀರಿನ ಡ್ರಮ್ಮು ಹೊತ್ತು ಹೋಗುವ ಗಾಡಿಯ ಭಾರಕೇಂದ್ರವನ್ನು ಬೇಕೆಂದೇ ಮೇಲಕ್ಕೇರಿಸುವುದು ಸರಿಯಲ್ಲ. ಮುಂದಿನ ಆಕ್ಸಲ್ ಶಾಫ್ಟಿನ ಜಾಯಿಂಟುಗಳ ಕೋನ ಕೂಡ ಕೆಡುತ್ತದೆ. ಮೋಟಾರು ವಾಹನಗಳ ಕಾಯ್ದೆ, 1988ರ 52ನೇ ಸೆಕ್ಷನ್ ಪ್ರಕಾರ, ನೋಂದಣಿಯ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ್ದಕ್ಕಿಂತ ಭಿನ್ನವಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ ಎಂಬುದನ್ನೂ ತಿಳಿದಿರಬೇಕು.

ಕೊನೆಗೆ ನಾನು ಆರಿಸಿದ್ದು ಕಾಯಂ 300 ಕೆ.ಜಿ. ಹೆಚ್ಚುವರಿ ಭಾರಕ್ಕೆಂದು ಮಾಡಿದ ಮಧ್ಯಮ ದರ್ಜೆಯ ಪ್ಲೇಟ್ ಸೆಟ್. ದಪ್ಪನೆಯ ಕೆಲವೇ ಪ್ಲೇಟುಗಳ ಬದಲು ತೆಳುವಾದ ಹೆಚ್ಚು ಪ್ಲೇಟುಗಳಿರುವುದನ್ನು ಕೇಳಿ ತೆಗೆದುಕೊಂಡೆ, ಏಕೆಂದರೆ ಅಷ್ಟೇ ಭಾರ ಹೊರುವಾಗಲೂ ತೆಳು ಪ್ಲೇಟು ಹೆಚ್ಚು ಬಾಗಬಲ್ಲದು. ಮೇನ್ ಪ್ಲೇಟಿನ ಕಣ್ಣನ್ನು (ಚಾಸಿಗೆ ಸಿಕ್ಕಿಸುವ ತುದಿಯ ಬಳೆಯನ್ನು) ಎರಡನೆಯ ಪ್ಲೇಟು ಸುತ್ತಿ ಹಿಡಿದಿರುವುದನ್ನು ಖಚಿತಪಡಿಸಿಕೊಂಡೆ. ಮೇನ್ ಪ್ಲೇಟು ಮುರಿದರೂ ಹೌಸಿಂಗ್ ಜಾಗ ಬಿಟ್ಟು ಹೋಗದಂತೆ ಅದು ಕಾಯುತ್ತದೆ, ಘಾಟಿಯಲ್ಲಿ ಯಂತ್ರ ಎಳೆಯುವವನಿಗೆ ಇದಕ್ಕಿಂತ ದೊಡ್ಡ ಭರವಸೆ ಬೇಕಿಲ್ಲ. ಕೆಳಗಿನ ಹೆಲ್ಪರ್ ಪ್ಲೇಟು ಗಾಡಿ 5 ಸೆಂ.ಮೀ. ಕುಸಿದ ಮೇಲಷ್ಟೇ ಕೆಲಸಕ್ಕೆ ಬರುತ್ತದೆ. ಖಾಲಿ ಗಾಡಿಗೆ ಮೆತ್ತನೆಯ ಮೊದಲ ಹಂತ, ಹೇರಿದ ಗಾಡಿಗೆ ಬಿಗಿಯಾದ ಎರಡನೆಯ ಹಂತ ಎಂಬ ಏರ್ಪಾಡು ನನ್ನ ವರ್ಷದ ಕೆಲಸಕ್ಕೆ ಸರಿಯಾಗಿ ಹೊಂದಿತು. ಖಾಲಿಯಿದ್ದಾಗ ಹಿಂಬದಿ 2 ಸೆಂ.ಮೀ. ಮೇಲೆದ್ದಿದೆ, 400 ಕೆ.ಜಿ. ಹೇರಿದಾಗ ರಬ್ಬರಿಗೆ ಆರೂವರೆ ಸೆಂ.ಮೀ. ಅಂತರ ಉಳಿಯುತ್ತದೆ.

ಸ್ಪ್ರಿಂಗು ಬದಲಿಸಿ ಹಳೆಯ ಶಾಕಪ್ ಉಳಿಸಿಕೊಳ್ಳುವುದು ಅರ್ಧ ಕೆಲಸ. ಶಾಕಪ್ ಭಾರ ಹೊರುವುದಿಲ್ಲ, ಸ್ಪ್ರಿಂಗಿನ ಕುಣಿತವನ್ನು ಹಿಡಿದು ನಿಲ್ಲಿಸುತ್ತದೆ. ಹೆಚ್ಚು ಬಿಗಿಯಾದ ಸ್ಪ್ರಿಂಗು ಹೆಚ್ಚು ಬಲದಿಂದ ಹಿಂದಕ್ಕೆ ಚಿಮ್ಮುವುದರಿಂದ, ಚಿಮ್ಮುವಾಗ ತಡೆಯುವ ಬಲವೂ ಅದಕ್ಕೆ ತಕ್ಕಷ್ಟಿರಬೇಕು. ಒಂದೇ ಕೊಳವೆಯ ಶಾಕಪ್‌ಗಳು ಬಿಸಿಯನ್ನು ಬೇಗ ಹೊರಹಾಕುತ್ತವೆ ಎಂಬುದು ನಿಜ. ಆದರೆ ಅವುಗಳ ಪಿಸ್ಟನ್ ಹೊರಕೊಳವೆಯ ಒಳಮೈಗೇ ತಾಗಿ ಓಡುವುದರಿಂದ, ಕಲ್ಲು ಬಡಿದು ಒಂದು ತಗ್ಗು ಬಿದ್ದರೂ ಶಾಕಪ್ ಅಲ್ಲಿಗೆ ಮುಗಿಯಿತು. ಕಲ್ಲಿನ ದಾರಿಯವನಾದ ನಾನು ನೈಟ್ರೋಜನ್ ತುಂಬಿದ ಎರಡು ಕೊಳವೆಯ ಶಾಕಪ್‌ಗಳನ್ನು ಹಾಕಿಸಿದೆ. ಮುಂದಿನ ಕಾಯಿಲ್‌ಗಳನ್ನು ಮುಟ್ಟಲಿಲ್ಲ, ಮುಂಬದಿಗೆ ವಿಂಚ್ ಅಥವಾ ಕಬ್ಬಿಣದ ಬಂಪರ್ ಹಾಕಿದವರಿಗಷ್ಟೇ ಅದು ಬೇಕು.

ಒಂದು ವಿಷಯವನ್ನು ಒತ್ತಿ ಹೇಳಬೇಕು. ಪ್ಲೇಟು ಬಲವಾದರೆ ಗಾಡಿಯ ತೂಕದ ಮಿತಿ ಹೆಚ್ಚುವುದಿಲ್ಲ. ಬ್ರೇಕು, ಹೌಸಿಂಗಿನ ಬೇರಿಂಗು, ಟೈರು, ಚಾಸಿ ಎಲ್ಲವೂ ಹಳೆಯವೇ, ತಯಾರಕರು ನೋಂದಣಿ ಪತ್ರದಲ್ಲಿ ಕೊಟ್ಟ ಒಟ್ಟು ತೂಕವೇ ಕೊನೆಯ ಮಾತು. ಹಿಂಬದಿ ಕುಸಿಯದೆ ನಿಂತಿರುವುದನ್ನು ನೋಡಿ ಇನ್ನೂ ನಾಲ್ಕು ಚೀಲ ಹೇರುವವರನ್ನು ಕಂಡಾಗ ನನಗೆ ಭಯವಾಗುತ್ತದೆ, ಏಕೆಂದರೆ ಕುಸಿತ ಎಂಬುದು ಗಾಡಿ ಕೊಡುತ್ತಿದ್ದ ಎಚ್ಚರಿಕೆ. ಹಾಗೆಯೇ 200 ಲೀಟರಿನ ಡ್ರಮ್ಮನ್ನು ಅರ್ಧ ತುಂಬಿಸಿ ಒಯ್ಯಬಾರದು. ತುಳುಕುವ ನೀರು ತಿರುವಿನಲ್ಲಿ ಗಾಡಿಯನ್ನು ಹೊರಕ್ಕೆ ತಳ್ಳುವುದನ್ನು ಯಾವ ಸ್ಪ್ರಿಂಗೂ ತಡೆಯಲಾರದು. ಡ್ರಮ್ಮನ್ನು ತುಂಬಿಸಿ, ಕ್ಯಾಬಿನ್ನಿನ ಗೋಡೆಗೆ ಒತ್ತಿ ಕಟ್ಟಬೇಕು.

ಹಾಕಿಸಿದ ಮೇಲಿನ ಆರೈಕೆ ಕಷ್ಟದ್ದಲ್ಲ. ಹೊಸ ಪ್ಲೇಟುಗಳು ಒಂದರ ಮೇಲೊಂದು ಕೂರುವಾಗ, ಅವನ್ನು ಹೌಸಿಂಗಿಗೆ ಬಿಗಿದಿಡುವ ಯು ಬೋಲ್ಟುಗಳು ಸಡಿಲವಾಗುತ್ತವೆ. ಭಾರ ಹೇರಿ ಕೆಲವು ದಿನ ಓಡಿಸಿದ ಮೇಲೆ ಟಾರ್ಕ್ ರೆಂಚ್ ಹಿಡಿದು ಬಿಗಿಸಲೇಬೇಕು, ಇಲ್ಲದಿದ್ದರೆ ಪ್ಲೇಟುಗಳನ್ನು ನಡುವೆ ಪೋಣಿಸಿರುವ ಸೆಂಟರ್ ಬೋಲ್ಟು ತುಂಡಾಗಿ ಹೌಸಿಂಗ್ ಓರೆಯಾಗುತ್ತದೆ. ಸ್ಪ್ರಿಂಗಿನ ತುದಿಗಳನ್ನು ಚಾಸಿಗೆ ಸೇರಿಸುವ ಬುಷ್ ಮತ್ತು ಶ್ಯಾಕಲ್‌ಗಳ ಬೋಲ್ಟನ್ನು ಗಾಡಿ ಜಾಕಿನ ಮೇಲಿರುವಾಗ ಪೂರ್ತಿ ಬಿಗಿಯಬಾರದು. ಚಕ್ರ ನೆಲಕ್ಕಿಳಿದು ಸ್ಪ್ರಿಂಗು ತನ್ನ ಎತ್ತರಕ್ಕೆ ಬಂದ ಮೇಲೆ ಬಿಗಿದರೆ ರಬ್ಬರ್ ಬುಷ್ ತಿರುಚಿಕೊಳ್ಳದೆ ಬಾಳುತ್ತದೆ. ಮಳೆಗಾಲದಲ್ಲಿ ಪ್ಲೇಟುಗಳ ಸಂದಿಗೆ ಸೇರುವ ಕೆಮ್ಮಣ್ಣನ್ನು ಪ್ರೆಷರ್ ಪಂಪಿನಿಂದ ತೊಳೆಯುತ್ತೇನೆ. ಬೋರ್ಡೋ ಹೊತ್ತ ದಿನಗಳಲ್ಲಿ ಇದನ್ನು ಅಂದೇ ಸಂಜೆ ಮಾಡುತ್ತೇನೆ, ಏಕೆಂದರೆ ಮೈಲುತುತ್ತದ ನೀರು ಕಬ್ಬಿಣವನ್ನು ಬೇಗ ತಿನ್ನುತ್ತದೆ. ಟೈರಿನ ಗಾಳಿಯನ್ನು ಬಾಗಿಲ ಕಂಬದ ಮೇಲಿನ ಚೀಟಿಯಲ್ಲಿ ಖಾಲಿಗೆ ಮತ್ತು ಭಾರಕ್ಕೆ ಕೊಟ್ಟಿರುವ ಎರಡು ಅಂಕಿಗಳ ಪ್ರಕಾರ ಬದಲಿಸುತ್ತೇನೆ. ಕೆಸರಿಗೆಂದು ಗಾಳಿ ಇಳಿಸಿದ್ದರೆ ಡಾಂಬರು ಹತ್ತುವ ಮೊದಲು, ಯಂತ್ರ ಕಟ್ಟುವ ಮೊದಲು ಮರಳಿ ತುಂಬಿಸಿಕೊಳ್ಳುತ್ತೇನೆ.